ಕತ್ತು ತಿರುಗಿದ ಕಡೆ

ಕುಕ್ಕರ್ ಕೂಗಿತು ಎಂಬುದು ಹಂಪಯ್ಯನಿಗೆ ಈಗೀಗ ಗೊತ್ತಾಗುವುದು ಹೆಂಡತಿ ಜಂಬಕ್ಕ ಒಲೆಯ ಕಡೆಗೆ ತಿರುಗುವುದರಿಂದ. ಅವಳು ತಿರುಗಿದಳೆಂದರೆ ಸೀಟಿ ಬಂದಿದೆ, ಕೂತೇ ಇದ್ದಾಳೆಂದರೆ ಇನ್ನೂ ಬಂದಿಲ್ಲ. ಇವತ್ತು ನಸುಕಿನಲ್ಲಿ ಅವಳು ನೀರು ಹಿಡಿಯಲು ಹಿತ್ತಲಿಗೆ ಹೋಗಿದ್ದಳು. ಅವನು ನಡುಮನೆಯಲ್ಲಿ ಕೂತು ಕಾಲುಚೀಲ ಹಾಕಿಕೊಳ್ಳುತ್ತಿದ್ದ. ಕೊಡ ಇಳಿಸುತ್ತಲೇ ಅವಳು ಕೇಳಿದಳು.

"ಎಷ್ಟ್ ಆದ್ವು ರೀ?"

"ಏನು?"

"ಸೀಟಿ. ಇಲ್ಲೇ ಕುಂತೀರಲ್ಲ, ಎಷ್ಟ್ ಆದ್ವು?"

"ಎರಡು," ಎಂದ ಹಂಪಯ್ಯ. ಎರಡು ಎಂದರೆ ಹೆಚ್ಚು ಮೋಸವಾಗುವುದಿಲ್ಲ ಎಂಬುದು ಅವನ ಅನುಭವ. ಜಂಬಕ್ಕ ಇನ್ನೊಂದಕ್ಕೆ ಕಾದಳು. ಅದು ಬಂತೆಂದು ಅವಳ ಕೈ ಒಲೆಯ ಗುಂಡಿಗೆ ಹೋದದ್ದರಿಂದ ತಿಳಿಯಿತು. ಉಗಿ ಇಳಿದ ಮೇಲೆ ಮುಚ್ಚಳ ತೆಗೆದವಳು ಸೌಟು ಹಿಡಿದು ಹಾಗೇ ನಿಂತಳು.

"ಎರಡಂತ ಎರಡು! ಮುದ್ದಿ ಆಗೈತಿ ನೋಡ್ರಿ. ಇದ್ರಾಗ ಚಿತ್ರಾನ್ನ ಹೆಂಗ ಕಲಸ್ಲಿ? ಗ್ವಾಡಿಗೆ ಕಾಗದ ಹಚ್ಚಾಕ ಬರ್ತೈತಿ ಅಷ್ಟ. ಗುಡ್ಡದಾಗ ಹುಲ್ಲಿನ್ಯಾಗ ಅಡಗಿದ ಹಕ್ಕಿ ಕೇಳ್ತಾವ ನಿಮಗ, ಮನಿಯಾಗಿನ ಕುಕ್ಕರ್ ಕೇಳಂಗಿಲ್ಲ. ಯಾರ ಮುಂದ ಹೇಳ್ಲಿ ನಾ ಇದನ್ನ?"

ಹಂಪಯ್ಯ ನಕ್ಕ. ಈ ಬೈಗುಳದಲ್ಲಿ ಅವನಿಗೊಂದು ನೆಮ್ಮದಿಯಿತ್ತು. ಹೆಂಡತಿಯ ಮಾತು ಕಿವಿಗೆ ಹಾಕಿಕೊಳ್ಳದ ಗಂಡಸು ಎಂಬುದು ಊರಿಗೆಲ್ಲ ಇರುವ ರೋಗ, ಅದಕ್ಕೆ ಯಾರೂ ಬೇರೆ ಹೆಸರು ಹುಡುಕುವುದಿಲ್ಲ. ಹೆಸರು ಹೇಳಿದವರು ಬಳ್ಳಾರಿಯ ಕಿವಿ ಡಾಕ್ಟರು ಮಾತ್ರ. ಮಾತು ಕೇಳುತ್ತದೆ, ಲಾರಿ ಕೇಳುತ್ತದೆ, ಗುಡುಗು ಕೇಳುತ್ತದೆ. ಸಣ್ಣ ದನಿಗಳು, ಸೀಟಿ, ಸಿಳ್ಳೆ, ಇಂಥವು ಹೋದವು, ತಿರುಗಿ ಬರುವುದಿಲ್ಲ ಎಂದಿದ್ದರು. ಬರೆಯುತ್ತ ಬರೆಯುತ್ತ, "ತಮ್ಮ ಉದ್ಯೋಗ ಏನ್ರಿ?" ಎಂದು ಕೇಳಿದಾಗ ಹಂಪಯ್ಯನ ಬಾಯಿಂದ ಯಾಕೋ "ಮೇಷ್ಟ್ರು" ಎಂದು ಬಂದಿತ್ತು. "ಹಂಗಾದ್ರ ಭಾಳ ತೊಂದ್ರಿ ಇಲ್ಲ ಬಿಡ್ರಿ, ಹುಡುಗ್ರ ಗದ್ದಲ ಕೇಳ್ತೈತಿ," ಎಂದು ಅವರು ಸಮಾಧಾನ ಮಾಡಿದ್ದರು. ಕೊಂಡು ತಂದ ಕಿವಿಯ ಯಂತ್ರ ಈಗ ಅಲಮಾರಿಯಲ್ಲಿ ಹಳೆಯ ದುರ್ಬೀನಿನ ಪೆಟ್ಟಿಗೆಯ ಹಿಂದೆ ಇದೆ, ಜಂಬಕ್ಕನಿಗೆ ಗೊತ್ತಿಲ್ಲ. ಒಂದು ದಿನ ಕಳ್ಳನ ಹಾಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬನೇ ಗುಡ್ಡಕ್ಕೆ ಹೋಗಿ ಹಾಕಿ ನೋಡಿದ್ದ. ಗಾಳಿ ಬಂತು, ತನ್ನ ಅಂಗಿಯ ಸರಪರ ಬಂತು, ತಾನೇ ಉಗುಳು ನುಂಗಿದ್ದು ಬಂತು. ಬುರ್ಲಿ ಹಕ್ಕಿಯ ಕೂಗು ಮಾತ್ರ ಬರಲಿಲ್ಲ.

ಹಂಪಯ್ಯ ಜೀವಮಾನವಿಡೀ ಅಭ್ಯಾಸ ಮಾಡಿದ್ದು ಜನ ಬೇಟೆಯಾಡಿ ತಿನ್ನುವ ಹಕ್ಕಿಗಳನ್ನು. ಗೌಜಲು, ಚಿಟ್ಟುಕೋಳಿ, ಕಾಡುಕೋಳಿ, ಎಲ್ಲಕ್ಕಿಂತ ಹೆಚ್ಚಾಗಿ ಬುರ್ಲಿ, ಮುಷ್ಟಿಯಲ್ಲಿ ಹಿಡಿಸುವಷ್ಟು, ಒಣ ಹುಲ್ಲಿನ ಬಣ್ಣದ್ದು. ಹದ್ದನ್ನೋ ಎರೆಭೂತದಂಥ ದೊಡ್ಡ ಹಕ್ಕಿಯನ್ನೋ ಹಿಂಬಾಲಿಸಿದ ಜೊತೆಗಾರರಿಗೆ ಒಂದು ಗತ್ತು ಇರುತ್ತಿತ್ತು. ಇವನು ಸಭೆಯಲ್ಲಿ ಎದ್ದು ನಿಂತರೆ ಮುಂದಿನ ಸಾಲಿನಿಂದ ಯಾರಾದರೂ, "ಸಾರು ಹೆಂಗಿರ್ತೈತಿ, ಅದನ್ನ ಮೊದಲು ಹೇಳ್ರಿ," ಎನ್ನುವರು, ಎಲ್ಲರೂ ನಗುವರು, ಅವನೂ ನಗುವನು. ನಗುತ್ತಲೇ ಹಂಪಿಯ ಬಂಡೆಗಳ ಹಿಂದೆ, ಕಮಲಾಪುರದ ಆಚೆಯ ಕುರುಚಲಲ್ಲಿ, ಸಂಡೂರಿನ ಗುಡ್ಡಗಳಲ್ಲಿ ಬೆಳಗಿನ ಜಾವಗಳನ್ನು ಕಳೆದು ಅವನು ಒಂದು ಎಣಿಕೆಯ ಪದ್ಧತಿ ಮಾಡಿದ್ದ. ಹುಲ್ಲಿನಲ್ಲಿ ಅಡಗುವ ಹಕ್ಕಿಯನ್ನು ನೋಡಿ ಎಣಿಸಲಾಗುವುದಿಲ್ಲ, ಕೇಳಿಯೇ ಎಣಿಸಬೇಕು. ಹಕ್ಕಿಯನ್ನು ಪ್ರೀತಿಸುವವರ ಕಿವಿಯನ್ನು ನಂಬುವ ಹಾಗಿಲ್ಲ, ಅವರಿಗೆ ಇಲ್ಲದ ಹಕ್ಕಿಯೂ ಕೇಳುತ್ತದೆ. ಆದ್ದರಿಂದ ಇಬ್ಬರು ಬೇರೆ ಬೇರೆ ಬಂಡೆಯ ಮೇಲೆ ಕೂರಬೇಕು, ಮಾತಾಡಬಾರದು, ಒಬ್ಬರನ್ನೊಬ್ಬರು ನೋಡಬಾರದು, ಕೂಗು ಬಂದ ದಿಕ್ಕಿಗೆ ತಂತಮ್ಮ ಚೀಟಿಯಲ್ಲಿ ಗೀಟು ಹಾಕಬೇಕು. ಆಮೇಲೆ ನಾಲ್ಕು ಜನರ ಮುಂದೆ ನಿಂತು, ನನ್ನ ಕಿವಿಯಿಂದ ಕೇಳಿದೆ ಎಂದು ಬಾಯಿಬಿಟ್ಟು ಹೇಳಬೇಕು. ಚೀಟಿ ಯಾರು ಬೇಕಾದರೂ ಬರೆಯುತ್ತಾರೆ, ಸುಳ್ಳು ಹೇಳುವಾಗ ನಾಲಿಗೆ ತೊದಲುತ್ತದೆ. "ಇಬ್ಬರಿಗೂ ಕೇಳಿದ್ದು ಹಕ್ಕಿ, ಒಬ್ಬರಿಗೇ ಕೇಳಿದ್ದು ಆಸೆ," ಎಂದು ಅವನು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತಿದ್ದ. ಈಗ ಅದನ್ನು ಅವನು ಕಾಣದ ಊರುಗಳಲ್ಲೂ ಹಂಪಯ್ಯನ ಪದ್ಧತಿ ಎನ್ನುತ್ತಾರಂತೆ.

ಹೊರಗೆ ಸುಧಾರಾಣಿ ಜೀಪು ತಂದು ನಿಲ್ಲಿಸಿದ್ದಳು. ಹಾರ್ನ್ ಹೊಡೆದಳೋ ಏನೋ, ಜಂಬಕ್ಕ ಬಾಗಿಲಿಗೆ ಹೋದದ್ದರಿಂದ ಅವನೂ ಎದ್ದ. ಸುಧಾರಾಣಿ ಅವನ ಹಳೆಯ ವಿದ್ಯಾರ್ಥಿನಿ, ಈಗ ನಲವತ್ತರ ಹತ್ತಿರದ ಹೆಂಗಸು, ನಿವೃತ್ತನಾಗಿ ಅವನು ಬಿಟ್ಟುಬಂದ ಕಾಲೇಜಿನ ಕೋಣೆಯಲ್ಲಿ ಅವನದೇ ಕುರ್ಚಿಯಲ್ಲಿ ಕೂತು ಅವನದೇ ಕೆಲಸ ಮಾಡುತ್ತಿದ್ದಾಳೆ. "ಅಮ್ಮಾರ, ಬರ್ತೀವ್ರಿ," ಎಂದು ಡಬ್ಬಿ ಇಸಿದುಕೊಂಡಳು. "ನಿಮ್ಮ ಮೇಷ್ಟ್ರಿಗೆ ಹೇಳವ್ವ, ಅದು ಅನ್ನ ಅಲ್ಲ, ಮುದ್ದಿ ಅಂತ," ಎಂದಳು ಜಂಬಕ್ಕ. ಜೀಪು ಊರು ದಾಟಿತು. ತೋರಣಗಲ್ಲಿನ ಕಾರ್ಖಾನೆಯ ಪಾಳಿ ಬಸ್ಸುಗಳು ಕಿಟಕಿಗೆ ತಲೆ ಒರಗಿಸಿ ಮಲಗಿದ ಜನರನ್ನು ಹೊತ್ತು ಎದುರಿಗೆ ಬರುತ್ತಿದ್ದವು. ಹಂಪಯ್ಯನಿಗೆ ಅವರ ನಿದ್ದೆಯ ಮೇಲೆ ಹೊಟ್ಟೆಕಿಚ್ಚಾಯಿತು. ದಣಿವು ಎಂಬುದು ಮಲಗಿದರೆ ಹೋಗಬೇಕು. ಅವನದು ಮಲಗಿ ಎದ್ದ ಮೇಲೆ ಇನ್ನಷ್ಟು ಇರುತ್ತಿತ್ತು.

ಇವತ್ತು ಎಣಿಸಬೇಕಾದದ್ದು ಸಂಡೂರಿನ ಆಚೆ ಜೇನುಕಲ್ಲು ಓರೆಯನ್ನು, ಹುಲ್ಲು ಬೆಳೆದ ಗುಡ್ಡದ ಒಂದು ಇಳಿಜಾರನ್ನು. ಒಂದು ಗಣಿಯವರು ಅದಿರು ತೆಗೆದ ಮೇಲೆ ಉಳಿಯುವ ಮಣ್ಣನ್ನು ಆ ಓರೆಯ ಮೇಲೆ ಸುರಿಯಲು ಅನುಮತಿ ಕೇಳಿದ್ದರು. ಹಕ್ಕಿ ಇದೆಯೋ ಇಲ್ಲವೋ ಹಂಪಯ್ಯನ ಪದ್ಧತಿಯಿಂದಲೇ ನೋಡಿ ಹೇಳಿ ಎಂದು ಸರ್ಕಾರದ ಸಮಿತಿ ಕೇಳಿತ್ತು. ಧ್ವನಿ ಹಿಡಿಯುವ ಯಂತ್ರ ಇಟ್ಟರೆ, ಎಲ್ಲಿ ಹಿಡಿದದ್ದೋ ಯಾರಿಗೆ ಗೊತ್ತು ಎಂದು ಗಣಿಯವರ ವಕೀಲರು ಹಿಂದೊಮ್ಮೆ ತಳ್ಳಿಹಾಕಿದ್ದರು. ಹಂಪಯ್ಯನ ಕಿವಿಯನ್ನು ತಳ್ಳಿಹಾಕುವ ಧೈರ್ಯ ಅವರಿಗೂ ಇರಲಿಲ್ಲ. ಇಬ್ಬರಿಗೂ ಕೇಳಿದ ಕೂಗು ಇದ್ದರೆ ಓರೆ ಉಳಿಯುತ್ತದೆ, ಇಲ್ಲದಿದ್ದರೆ ಮಳೆಗಾಲದೊಳಗೆ ಮಣ್ಣು ಬೀಳುತ್ತದೆ. ಅದರ ಪಕ್ಕದ ಓರೆಯ ಮೇಲೆ ಮಣ್ಣು ಬಿದ್ದು ಎರಡು ಮಳೆಗಾಲವಾಯಿತು. ರಸ್ತೆಯ ತಿರುವಿನಲ್ಲಿ ಅದು ಕಂಡಿತು, ಕೆಂಪಗೆ, ಬೋಳಾಗಿ, ಇಳಿಜಾರಿನ ಕೊನೆಯಲ್ಲಿ ಅರ್ಧ ಹೂತ ಕವಳಿ ಕಂಟಿಗಳು. ಸುಧಾರಾಣಿ ಆ ಕಡೆ ನೋಡದೆ ಗೇರು ಬದಲಾಯಿಸಿದಳು. ಆ ಓರೆಯನ್ನು ಎಣಿಸಿದ ದಿನ ಅವಳ ಚೀಟಿಯ ತುಂಬ ಗೀಟುಗಳಿದ್ದವು, ಅವನದು ಖಾಲಿಯಿತ್ತು. ಅವನು ಎಲ್ಲ ಹುಡುಗರ ಮುಂದೆ ಅವಳ ಚೀಟಿಯನ್ನು ಎತ್ತಿ ಹಿಡಿದು, "ನೋಡ್ರಪ್ಪ, ಒಬ್ಬರಿಗೇ ಕೇಳಿದ್ದು ಏನು?" ಎಂದಿದ್ದ. ಹುಡುಗರು ಒಟ್ಟಿಗೆ, "ಆಸೆ ಸರ್!" ಎಂದು ಕೂಗಿದ್ದರು. ಅವಳೂ ನಕ್ಕಿದ್ದಳು, ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು. ಬಳ್ಳಾರಿಯ ಡಾಕ್ಟರ ಹತ್ತಿರ ಅವನು ಹೋದದ್ದು ಅದಾದ ಮೇಲೆ. ಆ ಕೆಂಪು ಕಿವಿಯ ತುದಿ ಅವನಿಗೆ ಊಟ ಮಾಡುವಾಗ, ಗಡ್ಡ ಹೆರೆದುಕೊಳ್ಳುವಾಗ, ಯಾವ ಹೊತ್ತಿನಲ್ಲೂ ಕಾಣುತ್ತಿತ್ತು. ಹೇಳಿಬಿಡಬೇಕು ಎಂದು ಅವನು ಎಷ್ಟೋ ಸಲ ಫೋನು ಎತ್ತಿಕೊಂಡಿದ್ದ. ಅವಳು "ಹೇಳ್ರಿ ಸರ್" ಎಂದ ಕೂಡಲೇ ಹವಾಮಾನದ ಮಾತಾಡಿದ್ದ.

ಜೀಪನ್ನು ಕೆಳಗೆ ಬಿಟ್ಟು ಹತ್ತತೊಡಗಿದರು. ಬಂದ್ರಿ ಗಿಡಗಳ ನಡುವೆ ಒಣ ಹುಲ್ಲು ಮಂಡಿಯವರೆಗೆ ನಿಂತಿತ್ತು. ಅಪ್ಪ ಪಾಲಪ್ಪನಿಗೆ ಇಂಥ ಹುಲ್ಲು ಕಂಡರೆ ಸಾಕು, ಮೈ ತಾನಾಗಿ ಬಾಗುತ್ತಿತ್ತು. ಕಂಪ್ಲಿಯಲ್ಲಿ ಭತ್ತ ಕೊಯ್ದಾದ ಮೇಲೆ ಗದ್ದೆಯ ಆಚೆಯ ಬೀಳು ನೆಲಕ್ಕೆ ಹುಡುಗ ಹಂಪಯ್ಯನನ್ನು ಕರೆದುಕೊಂಡು ಹೋಗುತ್ತಿದ್ದ. ಬುರ್ಲಿಗಳು ಗುಂಪಾಗಿ ಇರುತ್ತವೆ, ಕಾಲು ಮೇಲೆ ಬೀಳುವ ತನಕ ಅಲುಗಾಡುವುದಿಲ್ಲ, ಆಮೇಲೆ ಒಮ್ಮೆಲೇ ಬುರ್ ಎಂದು ಎದ್ದು ದಿಕ್ಕಿಗೊಂದು ಚೆದುರುತ್ತವೆ. ಅಪ್ಪ ಹಿಂದೆ ಓಡುತ್ತಿರಲಿಲ್ಲ. ಬಲೆ ಹರವಿ, ಅದರ ಹಿಂದೆ ಬೋರಲು ಮಲಗಿ, ಬೀಡಿ ಸೇದುವಷ್ಟು ಹೊತ್ತು ಸುಮ್ಮನಿರುತ್ತಿದ್ದ. ಚೆದುರಿದ ಹಕ್ಕಿಗೆ ಒಂಟಿತನ ತಡೆಯುವುದಿಲ್ಲ, ಎಲ್ಲಿದ್ದೀರಿ ಎಂದು ಅದು ಸಣ್ಣಗೆ ಸಿಳ್ಳೆಯ ಹಾಗೆ ಕೂಗಲು ಶುರುಮಾಡುತ್ತದೆ. ಅಪ್ಪ ಹಲ್ಲಿನ ಸಂದಿಯಿಂದ ಅದೇ ಕೂಗು ಕೂಗುತ್ತಿದ್ದ. ಒಂದೊಂದಾಗಿ ಓಡೋಡಿ ಬಂದು ಬಲೆಗೆ ಬೀಳುತ್ತಿದ್ದವು. "ಬಲಿ ಏನೂ ಹಿಡ್ಯಂಗಿಲ್ಲಲೇ ಹಂಪ್ಯಾ," ಎನ್ನುತ್ತಿದ್ದ ಅಪ್ಪ, "ತಮ್ಮವರು ಕರದ್ರು ಅಂತ ಬರ್ತಾವು. ಅದ ಅವಕ್ಕ ಮುಳುವು." ಹಂಪಯ್ಯ ಅದೇ ಸಿಳ್ಳೆಯನ್ನು ಕಲಿತು, ಮುಂದೆ ಕಾಲೇಜಿನಲ್ಲಿ ಊದಿ ತೋರಿಸಿ, ಹುಡುಗರ ಕೈಯಲ್ಲಿ ಚಪ್ಪಾಳೆ ಹೊಡೆಸಿಕೊಂಡಿದ್ದ. ಎಣಿಸುವಾಗ ಮಾತ್ರ ಯಾರೂ ಸಿಳ್ಳೆ ಹಾಕಬಾರದು ಎಂದು ಕಟ್ಟುನಿಟ್ಟಾಗಿ ಬರೆದಿದ್ದ. ಕರೆದು ಎಣಿಸುವುದು ಬೇಟೆಗಾರರ ಕೆಲಸ.

ಸುಧಾರಾಣಿ ಎಂದಿನಂತೆ ಕೆಳಗಿನ ಬಂಡೆಗೆ ಹೋಗಿ ಅವನಿಗೆ ಬೆನ್ನು ಹಾಕಿ ಕೂತಳು. ಅವನು ಮೇಲಿನ ಬಂಡೆಯ ಮೇಲೆ ಕೂತ. ಒಬ್ಬರನ್ನೊಬ್ಬರು ನೋಡಬಾರದು ಎಂದು ಬರೆದವನು ಅವನೇ. ಈಗ ಎರಡು ವರ್ಷದಿಂದ ಅವಳ ಬೆನ್ನನ್ನು ಬಿಟ್ಟು ಬೇರೇನನ್ನೂ ನೋಡದವನೂ ಅವನೇ. ಬೆಳಕು ಹರಿಯಿತು. ಕಣಿವೆಯ ಕೆಳಗೆ ಅದಿರಿನ ಲಾರಿಗಳು ಹೊರಟದ್ದು ದಪ್ಪಗೆ ಕೇಳುತ್ತಿತ್ತು, ತಲೆಯೊಳಗೆ ರಕ್ತ ಓಡುವುದು ಕೇಳುತ್ತಿತ್ತು, ಬುರ್ಲಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ನಿಶ್ಶಬ್ದವೂ ಅಲ್ಲ ಅದು. ಗೋಡೆಯಿಂದ ಪಟ ತೆಗೆದ ಮೇಲೆ ಉಳಿಯುವ ಖಾಲಿ ಜಾಗದ ಹಾಗೆ. ಅವಳ ಕತ್ತು ಮೆಲ್ಲಗೆ ಮೇಲೆದ್ದು ಎಡಕ್ಕೆ ಬಂದ್ರಿ ಪೊದೆಯ ಕಡೆಗೆ ತಿರುಗಿತು. ಹಂಪಯ್ಯ ಎಡಕ್ಕೆ ಗೀಟು ಹಾಕಿದ. ಮತ್ತೆ ತಿರುಗಿತು, ಈ ಸಲ ಕೆಳಗೆ, ಹಳ್ಳದ ಕಡೆಗೆ. ಗೀಟು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಬರೆಯುವ ಹುಡುಗನಿಗೆ ಇರುವ ಎದೆಬಡಿತವೂ ಈಗ ಉಳಿದಿರಲಿಲ್ಲ, ಸಂಬಳದ ಗುಮಾಸ್ತನ ಹಾಗೆ ಅವನು ಗೀಟು ಹಾಕುತ್ತಿದ್ದ. ಹಳ್ಳದ ಆಚೆಗೆ ಒಂದು, ಬೇಲಿಯ ಕಂಟಿಗೆ ಒಂದು ಬೀಳುವಷ್ಟರಲ್ಲಿ ಬಿಸಿಲು ಅವಳ ಹೆಗಲಿಗೆ ಬಂತು. ಕತ್ತು ಬಲಕ್ಕೆ ತಿರುಗಿ, ಮೇಲಿನ ಕಲ್ಲುಗುಡ್ಡೆಯತ್ತ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಅಲ್ಲೂ ಒಂದು ಗೀಟು. ಆಗ ಯಾಕೋ ಅವಳು ಪೂರ್ತಿ ಹಿಂದಕ್ಕೆ ತಿರುಗಿ ಅವನನ್ನೇ ನೋಡಿದಳು. ಪದ್ಧತಿಯ ಪ್ರಕಾರ ತಪ್ಪು ಅದು. ಹಂಪಯ್ಯ ಆಕಾಶ ನೋಡುತ್ತಿರುವವನಂತೆ ಮುಖ ಮೇಲೆತ್ತಿದ.

ಕೆಳಗೆ ರಸ್ತೆಯ ಪಕ್ಕ ಲಾರಿಯವರ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ಹೇಳಿ ಬೆಂಚಿನ ಮೇಲೆ ಕೂತರು. ಜಂಬಕ್ಕನ ಡಬ್ಬಿ ತೆರೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಚೀಟಿ ಹೊಂದಿಸಿ ನೋಡುವುದು ಎಣಿಕೆ ಮುಗಿದ ಮೇಲಿನ ಕ್ರಮ. ಸುಧಾರಾಣಿ ಚಹಾದ ಲೋಟಗಳನ್ನು ಸರಿಸಿ ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟಳು. ಎಡಕ್ಕೆ, ಹಳ್ಳಕ್ಕೆ, ಹಳ್ಳದ ಆಚೆಗೆ, ಬೇಲಿಯ ಕಂಟಿಗೆ, ಎಲ್ಲ ಹೊಂದಿದವು. ಕಲ್ಲುಗುಡ್ಡೆಯ ಕಡೆಯ ಗೀಟು ಅವನ ಚೀಟಿಯಲ್ಲಿತ್ತು, ಅವಳದರಲ್ಲಿ ಇರಲಿಲ್ಲ.

"ಅದು ನಿನಗ ಕೇಳಿಲ್ಲೇನು?" ಎಂದ ಹಂಪಯ್ಯ. ದನಿಯಲ್ಲಿ ಮೇಷ್ಟ್ರು ತಾನಾಗಿ ಬಂದು ಕೂತಿದ್ದ. "ಬಲಕ್ಕ, ಕಲ್ಲಿನ ಕಡಿಂದ. ಸಣ್ಣಗಿತ್ತು. ಕಿವಿ ಅಲ್ಲೇ ಇಟ್ಟಿರಬೇಕು."

ಸುಧಾರಾಣಿ ಮಿರ್ಚಿಯ ತೊಟ್ಟು ಮುರಿಯುತ್ತ ಕೂತಳು.

"ಆ ಕಡಿ ಹಕ್ಕಿ ಇರ್ಲಿಲ್ರಿ ಸರ್," ಎಂದಳು. "ನಾ ಸುಮ್ನ ತಿರುಗಿದ್ದೆ."

ಹೋಟೆಲಿನವನು ಬಾಣಲೆಗೆ ಹಿಟ್ಟು ಬಿಟ್ಟ. ಹಂಪಯ್ಯನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು, ಅರ್ಥವಾದದ್ದು ಮುಖದಿಂದ ಕೆಳಗಿಳಿದು ಕೈಯವರೆಗೆ ಬಂತು, ಲೋಟ ಕೆಳಗಿಟ್ಟ. ಕಂಪ್ಲಿಯ ಬೀಳಿನಲ್ಲಿ ಬಲೆಗೆ ಬಿದ್ದ ಬುರ್ಲಿ ಕೊಸರಾಡುತ್ತಿರಲಿಲ್ಲ. ಅಪ್ಪನ ಕೈಯಲ್ಲಿ ಕಣ್ಣು ಪಿಳಿಪಿಳಿ ಮಾಡುತ್ತ ಸುಮ್ಮನೆ ಇರುತ್ತಿತ್ತು. ತಾನು ಕದಿಯುತ್ತಿದ್ದೇನೆ ಎಂದು ಹಂಪಯ್ಯ ಇಷ್ಟು ದಿನ ಅಂದುಕೊಂಡಿದ್ದ. ಕದ್ದವನಿಗೆ ಕೊನೆಗೆ ತನ್ನ ಜಾಣತನವಾದರೂ ಉಳಿಯುತ್ತದೆ. ಇವಳು ಕತ್ತು ಎತ್ತಿ ಎತ್ತಿ, ಕಾಣಲಿ ಎಂದು ಅಗಲವಾಗಿ ತಿರುಗಿಸಿ, ತಟ್ಟೆಗೆ ಬಡಿಸಿದ್ದಳು.

"ಯಾವಾಗಿಂದ ಗೊತ್ತು?" ಎಂದ.

"ಹೋದ ವರ್ಷ ನಿಮ್ಮ ಚೀಟಿ ನಂದು ಒಂದೂ ಬಿಡದಂಗ ಕೂಡಿದ್ವಲ್ರಿ, ಆವಾಗ. ನೀವ ಕಲಿಸಿದ್ದು, ಇಬ್ಬರ ಕಿವಿ ಎಂದೂ ಪೂರ್ತಿ ಕೂಡಂಗಿಲ್ಲ, ಪೂರ್ತಿ ಕೂಡಿದ್ರ ಒಬ್ಬರು ನೋಡಿ ಬರದಾರ ಅಂತ. ಮನ್ಯಾಗ ಕುಂತು ಭಾಳ ಅತ್ತೆ. ಆಮ್ಯಾಲ ಕತ್ತು ಇನ್ನಾ ಚಲೋ ತಿರುಗ್ಸಾಕ ಶುರು ಮಾಡಿದೆ."

"ನನ್ನ ಮ್ಯಾಗ ಅಷ್ಟು ಕನಿಕರ ಬಂತೇನು?"

ಅವಳು ತಲೆ ಎತ್ತಿ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಅವನು ಆ ಸಿಟ್ಟನ್ನು ಹಿಂದೆಂದೂ ಕಂಡಿರಲಿಲ್ಲ. "ನಿಮ್ಮ ಸಲುವಾಗಿ ಅಲ್ರಿ ಸರ್. ಬುರ್ಲಿ ಸಲುವಾಗಿ. ಆ ಬಾಜೂ ಓರಿ ಹೋತಲ್ಲ, ಅವತ್ತ ನನಗ ಕೇಳಿದ್ದು ಆಸಿ ಅಂತ ಮಂದಿ ಮುಂದ ಅಂದ್ರಿ. ಆಸಿ ಅಲ್ಲ ಅದು. ಅಷ್ಟೂ ಇದ್ವು. ಈ ಓರಿನೂ ಹಂಗ ಹೋಗ್ಬಾರ್ದು ಅಂತ." ಆಮೇಲೆ ಮೆತ್ತಗಾದಳು. "ಇವತ್ತು ಸುಮ್ನ ಇರ್ಬೇಕು ಅಂದ್ಕಂಡಿದ್ದೆ. ಆದ್ರ ಮಧ್ಯಾಹ್ನ ನೀವು ಮಂದಿ ಮುಂದ ನಿಂತು ಹೇಳಾಕ ಬೇಕು. ನನಗ ಗೊತ್ತೈತಿ ಅನ್ನೋದು ಗೊತ್ತಿದ್ದು ಹೇಳ್ರಿ. ಗೊತ್ತಿಲ್ದಂಗ ಹೇಳಿಸ್ಬಾರ್ದು ಅನ್ನಿಸ್ತು."

ಕನಿಕರವಾಗಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಹಂಪಯ್ಯನಿಗೆ ಅದೂ ಇಲ್ಲವಾಯಿತು. ತನ್ನ ಮಾನ ಉಳಿಸಲು ಒಬ್ಬಳು ಕಷ್ಟಪಟ್ಟಿದ್ದಾಳೆ ಎಂಬಷ್ಟು ಕೂಡ ಅವನು ಮುಖ್ಯವಾಗಿರಲಿಲ್ಲ. ಅವನು ಒಂದು ಹೆಸರು, ಹೆಸರಿನ ಕೆಳಗೆ ಗೀಟು ಹಾಕುವ ಒಂದು ಕೈ. ಅಷ್ಟು ಸಾಕಾಗಿತ್ತು ಹಕ್ಕಿಗಳಿಗೆ. ಅವಳು ಸರಿಯೇ, ಎಂದುಕೊಂಡ, ನಾನೇ ಆಗಿದ್ದರೂ ಹೀಗೇ ಮಾಡುತ್ತಿದ್ದೆ, ಎಂದುಕೊಂಡ, ಹಾಗೆಂದುಕೊಂಡರೂ ನೋವೇನೂ ಕಡಿಮೆಯಾಗಲಿಲ್ಲ. "ಆ ಓರಿದು ನನ್ನ ತಪ್ಪು, ಸುಧಾ," ಎಂದ. ಮಾತು ಇಷ್ಟು ಸಣ್ಣದಾಗಿ ಬಂದದ್ದಕ್ಕೆ ನಾಚಿಕೆಯಾಯಿತು. ಎದುರಿಗೇ ಆ ಬೋಳು ಗುಡ್ಡ ನಿಂತಿತ್ತು. ಅವಳು "ಇರ್ಲಿ ಬಿಡ್ರಿ" ಎನ್ನಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು.

ಸಂಡೂರಿಗೆ ಇಳಿಯುವ ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ. ನನಗೆ ಕೇಳಲಿಲ್ಲ ಎಂದು ನಿಜ ಹೇಳಿದರೆ, ಅವಳದು ಒಬ್ಬರಿಗೇ ಕೇಳಿದ್ದು, ಅಂದರೆ ಆಸೆ. ಅವನದೇ ಮಾತು ಅವನದೇ ಕೈಯಿಂದ ಬುರ್ಲಿಗಳ ಮೇಲೆ ಮಣ್ಣು ಸುರಿಯುತ್ತದೆ. ನನ್ನ ಕಿವಿ ಹೋಗಿದೆ, ಅವಳ ಕಿವಿಯೊಂದೇ ಸಾಕು, ಪದ್ಧತಿಯೇ ತಪ್ಪು ಎಂದರೆ, ಗಣಿಯವರೂ ತಮ್ಮ ಒಂದು ಕಿವಿಯನ್ನು ತಂದು ಕೂರಿಸುತ್ತಾರೆ, ಅದಕ್ಕೆ ಎಂದೂ ಏನೂ ಕೇಳುವುದಿಲ್ಲ. ಇನ್ನೊಬ್ಬರನ್ನು ಕರೆಸಿ ಮತ್ತೆ ಎಣಿಸಿ ಎಂದರೆ ಬುರ್ಲಿ ಕೂಗುವ ಕಾಲ ಮುಗಿಯುತ್ತದೆ, ಮಳೆಗಾಲ ಬರುತ್ತದೆ. ಕೇಳಿಸಿತು ಎಂದು ಒಂದು ಸುಳ್ಳು ಹೇಳಿದರೆ ಓರೆ ಉಳಿಯುತ್ತದೆ, ಹಕ್ಕಿ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಹೆಸರು ಉಳಿಯುವುದೇ ಅವನಿಗೆ ಅಸಹ್ಯವಾಗಿ ಕಂಡಿತು. ಅದೊಂದು ಹೋಗಿ ಉಳಿದದ್ದೆಲ್ಲ ಉಳಿಯುವ ಹಾಗಿದ್ದರೆ ಎಷ್ಟು ಸುಲಭವಿತ್ತು. ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ, ಮುದ್ದೆಯಾದ ಅನ್ನ ಕಣ್ಣಿಗೆ ಕಟ್ಟಿತು, ಎರಡು, ಎಂದಿದ್ದೆನಲ್ಲ, ಎಷ್ಟು ಸಲೀಸಾಗಿ.

ಪ್ರವಾಸಿ ಮಂದಿರದ ಹಾಲಿನಲ್ಲಿ ಉದ್ದನೆಯ ಮೇಜಿನ ಒಂದು ಕಡೆ ಸಮಿತಿಯವರು, ಇನ್ನೊಂದು ಕಡೆ ಬಿಳಿ ಅಂಗಿ ತೊಟ್ಟ ಗಣಿಯ ಕಡೆಯವರು, ಹಿಂದೆ ಗೋಡೆಗೆ ಒತ್ತಿಕೊಂಡು ಓರೆಯ ಕೆಳಗಿನ ಹಳ್ಳಿಯ ಕೆಲವರು. ಸಮಿತಿಯ ಹಿರಿಯ ಅಧಿಕಾರಿ ಲಿಂಗರಾಜ್ ಎದ್ದು ಬಂದು ಹಂಪಯ್ಯನ ಕೈ ಹಿಡಿದು ಕೂರಿಸಿದರು. "ನಮ್ಮ ಪುಣ್ಯ ಸರ್ ನೀವು ಬಂದದ್ದು." ಸುಧಾರಾಣಿ ಮೊದಲು ನಿಂತಳು. ಬುರ್ಲಿಯ ಗುಂಪುಗಳು ಯಾವ ಯಾವ ದಿಕ್ಕಿಗೆ ಇವೆ ಎಂದು ಹೇಳಿ, "ನನ್ನ ಕಿವಿಯಿಂದ ಕೇಳೀನಿ," ಎಂದು ಕೂತಳು. ಬಿಳಿ ಅಂಗಿಯವನೊಬ್ಬ, "ಮೇಡಮ್ಮೋರಿಗೆ ಹೋದ ಸಲನೂ ಭಾಳ ಕೇಳಿಸಿದ್ವು," ಎಂದು ಪಕ್ಕದವನಿಗೆ ಹೇಳಿ ನಕ್ಕ. ಹಂಪಯ್ಯನಿಗೆ ಅದು ಚೆನ್ನಾಗಿ ಕೇಳಿಸಿತು. ಕೇಳಬಾರದ್ದು ಎಲ್ಲ ಕೇಳಿಸುತ್ತಿತ್ತು ಅವನಿಗೆ.

"ಹಂಪಯ್ಯ ಸರ್, ತಾವು?" ಎಂದರು ಲಿಂಗರಾಜ್.

ಎದ್ದು ನಿಂತ. ಸುಧಾರಾಣಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಕೈಗಳನ್ನೇ ನೋಡುತ್ತಿದ್ದಳು, ಕತ್ತು ಎತ್ತಿರಲಿಲ್ಲ. ಈಗ ಯಾವ ಕಡೆಗೂ ತಿರುಗಿ ತೋರಿಸುವವಳಲ್ಲ ಅವಳು.

"ಕೇಳಿಸಿದ್ವು," ಎಂದ ಹಂಪಯ್ಯ. "ಆಕಿ ಹೇಳಿದ ಎಲ್ಲಾ ಕಡಿಂದನೂ ಕೇಳಿಸಿದ್ವು. ನನ್ನ ಕಿವಿಯಿಂದ ಕೇಳೀನಿ."

ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಕೆಟ್ಟದ್ದೆನಿಸಿತು. ಇಷ್ಟು ವರ್ಷ ಯಾವ ನಂಬಿಕೆಯ ಮೇಲೆ ಜನರನ್ನು ಎದ್ದು ನಿಲ್ಲಿಸಿದ್ದನೋ ಅದು ಸುಳ್ಳಾಗಿತ್ತು, ಅದನ್ನು ತೋರಿಸಿಕೊಟ್ಟವನು ತಾನೇ. ಲಿಂಗರಾಜ್ ಸಂತೋಷದಿಂದ ಮೇಜು ತಟ್ಟಿದರು. ಹಳ್ಳಿಯವರ ಸಾಲಿನಲ್ಲಿ ಯಾರೋ ಉಸಿರು ಬಿಟ್ಟರು. "ಮುಗೀತು ಬಿಡ್ರಿ, ಇಬ್ಬರಿಗೂ ಕೇಳೈತಿ, ಜೇನುಕಲ್ಲು ಓರಿಗೆ ಮಣ್ಣು ಇಲ್ಲ. ಬೇರೆ ಜಾಗ ನೋಡ್ಕಳ್ರಿ," ಎಂದು ಲಿಂಗರಾಜ್ ಬಿಳಿ ಅಂಗಿಗಳ ಕಡೆ ತಿರುಗಿ ಹೇಳಿದರು. ಓರೆ ಉಳಿಯಿತು, ಎಂದುಕೊಂಡ ಹಂಪಯ್ಯ. ಅದು ನಿಜವಾದ ಸಂತೋಷವೇ, ಅದನ್ನು ಅನುಭವಿಸುವ ಹಕ್ಕು ಮಾತ್ರ ತನಗಿಲ್ಲ.

"ಒಂದು ಮಾತು," ಎಂದ, ನಿಂತಲ್ಲೇ. "ಮುಂದಿನ ಸಲದಿಂದ ನನ್ನ ಕರೀಬ್ಯಾಡ್ರಿ. ವಯಸ್ಸಾತು. ಎರಡನೇ ಕಿವಿನ ಆಕಿನೇ ಹುಡುಕ್ಲಿ. ಆಕಿಗೆ ಕೇಳಿದ್ದನ್ನ ಮಾತ್ರ ಯಾರೂ ಆಸಿ ಅನ್ಬ್ಯಾಡ್ರಿ."

"ಛೆ ಛೆ, ಏನ್ ಸರ್ ಹಿಂಗಂತೀರಿ! ಈ ವಯಸ್ಸಿನ್ಯಾಗ ಎಂಥಾ ಕಿವಿ ತಮ್ದು! ನಮ್ಮ ಆಫೀಸಿನ್ಯಾಗ ನಾ ಬೆಲ್ ಹೊಡದ್ರ ಮೂವತ್ತು ವರ್ಷದ ಹುಡುಗ್ರಿಗೆ ಕೇಳಂಗಿಲ್ಲ." ಹಾಲಿನಲ್ಲಿ ನಗು ಎದ್ದಿತು. ಲಿಂಗರಾಜ್‌ಗೆ ಉತ್ಸಾಹ ಬಂತು. "ಸರ್, ಕಾಲೇಜಿನ್ಯಾಗ ತಾವು ಬುರ್ಲಿ ಕೂಗು ಕೂಗಿ ತೋರಿಸ್ತಿದ್ರಂತ ಕೇಳೀನಿ. ಒಂದ್ ಸಲ ಕೂಗ್ರಿ. ನಾವೂ ಅದೇನಂತ ತಿಳ್ಕಂತೀವಿ."

ಬೇಡ ಎನ್ನಲು ಕಾರಣ ಬೇಕು. ಕಾರಣ ಹೇಳುವ ಹಾಗಿರಲಿಲ್ಲ. ಹಂಪಯ್ಯ ತುಟಿ ಒದ್ದೆ ಮಾಡಿಕೊಂಡ. ಅಪ್ಪ ಹೇಳಿಕೊಟ್ಟ ಹಾಗೆ ನಾಲಿಗೆಯ ತುದಿಯನ್ನು ಕೆಳಗಿನ ಹಲ್ಲಿಗೆ ಒತ್ತಿ, ಗಂಟಲಲ್ಲಿ ಸ್ವಲ್ಪವೇ ಗಾಳಿ ಹಿಡಿದು, ಬಿಟ್ಟುಬಿಟ್ಟು ಊದಿದ. ಉಸಿರು ಹಲ್ಲಿನ ಸಂದಿಯಿಂದ ತಣ್ಣಗೆ ಹೊರಗೆ ಹೋದದ್ದು ಗೊತ್ತಾಯಿತು. ಬೇರೇನೂ ಗೊತ್ತಾಗಲಿಲ್ಲ. ತನ್ನದೇ ಬಾಯಿಯ ಕೂಗು ತನ್ನದೇ ಕಿವಿಗೆ ಬರಲಿಲ್ಲ. ಈಗ ಹಲ್ಲುಗಳ ನಡುವೆ ಸಂದಿ ಹೆಚ್ಚಾಗಿದೆ, ಬರೀ ಗಾಳಿ ಬಂತೋ, ಬೇರೆ ಯಾವುದೋ ಹಕ್ಕಿಯಾಗಿ ಬಂತೋ. ಇನ್ನೊಮ್ಮೆ ಊದಿ ನಿಲ್ಲಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಚಪ್ಪಾಳೆ ಕೇಳಿಸಿತು. ಬಿಳಿ ಅಂಗಿಯವರೂ ತಟ್ಟಿದರು. ಅವರಲ್ಲಿ ಬುರ್ಲಿಯ ಕೂಗನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಹಾಲಿನಲ್ಲಿ ಅದು ಗೊತ್ತಿದ್ದವಳು ಒಬ್ಬಳೇ, ಹಂಪಯ್ಯ ಅವಳ ಕಡೆ ನೋಡಿದ. ಸುಧಾರಾಣಿಯ ಕತ್ತು ಮೆಲ್ಲಗೆ ಮೇಲೆದ್ದು ಅವನ ಕಡೆಗೆ ತಿರುಗಿತು, ಬೆಳಿಗ್ಗೆ ಬಂಡೆಯ ಮೇಲೆ ತಿರುಗಿದ ಹಾಗೆಯೇ, ಅಗಲವಾಗಿ, ಅವನಿಗೆ ಕಾಣುವಂತೆ. ಕೂಗು ಸರಿ ಬಂದಿತ್ತೋ, ಅವಳು ಸುಮ್ಮನೆ ತಿರುಗಿದಳೋ. ಕೇಳಿದರೆ ಅವಳು ಹೇಳಿಬಿಡುವವಳು, ಅದಕ್ಕೇ ಅವನು ಕೇಳಲಿಲ್ಲ. ಸರಿಯಾಗಿಯೇ ಬಂದಿರಬೇಕು ಎಂದು ಆಸೆಪಟ್ಟು, ಕುರ್ಚಿಯ ಕೈ ಹಿಡಿದು ಕೂತುಕೊಂಡ.